ಆಟಿಕೆಯ ಬುಟ್ಟಿ ಮತ್ತು ಅಹಿಂಸಾವ್ರತ

(ಉಪನ್ಯಾಸದ ಪಠ್ಯ)



ಜೈನ ಗೃಹಸ್ಥನ ಅಡುಗೆಮನೆಯಷ್ಟು ಎಚ್ಚರದ ಸ್ಥಳ ಬೇರೊಂದು ಸಿಗುವುದು ಕಷ್ಟ. ಅಲ್ಲಿ ನೀರು ಮಡಿಸಿದ ಬಟ್ಟೆಯಲ್ಲಿ ಸೋಸಿಕೊಂಡು ಬರುತ್ತದೆ. ಬೇಳೆಕಾಳುಗಳನ್ನು ಹರಡಿ, ಮೊರದಲ್ಲಿ ಕೇರಿ, ಹುಳುಹುಪ್ಪಟೆ ಇಲ್ಲವೆಂದು ಕಂಡ ಮೇಲೆಯೇ ಪಾತ್ರೆಗೆ ಹಾಕುತ್ತಾರೆ. ಕಂದಮೂಲಗಳು ಹೊಸ್ತಿಲು ದಾಟುವುದಿಲ್ಲ. ಸೂರ್ಯಾಸ್ತದ ಮೊದಲೇ ಊಟ ಮುಗಿಯುತ್ತದೆ. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕುಟುಂಬಗಳೂ ಎರಡು ಕೋಣೆಯ ಫ್ಲಾಟಿನೊಳಗೆ ಈ ಆಚಾರವನ್ನು ಸಾಧ್ಯವಾದಷ್ಟು ಉಳಿಸಿಕೊಂಡು ಬಂದಿವೆ. ಬಾಯಿಗೆ ಹೋಗುವ ಪ್ರತಿಯೊಂದು ವಸ್ತುವೂ ಪರೀಕ್ಷೆಗೆ ಒಳಗಾಗಬೇಕೆಂಬುದು ಈ ಆಚಾರದ ತಿರುಳು.

ಅದೇ ಮನೆಯ ಒಂದೂವರೆ ವರ್ಷದ ಕೂಸು ಬೆಳಿಗ್ಗೆ ಪಾಳಣಾಘರಕ್ಕೆ ಹೋಗುತ್ತದೆ. ತಂದೆತಾಯಿ ಇಬ್ಬರೂ ದುಡಿಯಬೇಕಾದ ನಗರದಲ್ಲಿ, ಅಜ್ಜಅಜ್ಜಿಯರು ಊರಿನಲ್ಲಿಯೇ ಉಳಿದಿರುವಾಗ, ಬೇರೆ ದಾರಿಯಿಲ್ಲ. ಕೂಸಿನ ಜೊತೆಗೆ ಡಬ್ಬಿಯಲ್ಲಿ ಮನೆಯ ಊಟವೂ ಬಾಟಲಿಯಲ್ಲಿ ಸೋಸಿದ ನೀರೂ ಹೋಗುತ್ತವೆ. ಆದರೆ ಅಲ್ಲಿ ಕೂಸು ಮೊದಲು ಕೈಹಾಕುವುದು ಮೂಲೆಯಲ್ಲಿರುವ ಆಟಿಕೆಯ ಬುಟ್ಟಿಗೆ. ಹಳದಿ ಬಾತುಕೋಳಿ, ಅಂಚಿನಲ್ಲಿ ಬಣ್ಣ ಎದ್ದುಹೋದ ಮರದ ತುಂಡು, ಯಾರದೋ ಮಗು ಬೆಳೆದು ದೊಡ್ಡದಾದ ಮೇಲೆ ಕೊಟ್ಟುಹೋದ ಪ್ಲಾಸ್ಟಿಕ್ ಕಾರು, ಎಲ್ಲವೂ ಒಂದೊಂದಾಗಿ ಬಾಯಿಗೆ ಹೋಗುತ್ತವೆ. ಒಂದು ಮಗು ಚೀಪಿ ಬಿಟ್ಟದ್ದನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಸಂಜೆಯವರೆಗೆ ಆ ಬಾಯಿಗೆ ಹೋದ ವಸ್ತುಗಳಲ್ಲಿ ಪರೀಕ್ಷೆಗೆ ಒಳಗಾದವು ಡಬ್ಬಿಯ ಅನ್ನ ಮತ್ತು ಬಾಟಲಿಯ ನೀರು ಮಾತ್ರ. ಬುಟ್ಟಿಯನ್ನು ಯಾರೂ ಸೋಸಿ ನೋಡಿರುವುದಿಲ್ಲ.

ಆ ಬುಟ್ಟಿಯಲ್ಲಿ ಇರಬಹುದಾದ ಸೀಸವೆಂಬ ಲೋಹ, ಅದರ ವಿಷಯದಲ್ಲಿ ಶ್ರಾವಕ ಸಮಾಜಕ್ಕೂ ಸರ್ಕಾರಕ್ಕೂ ಇರುವ ಹೊಣೆ, ಇವೇ ಇಂದಿನ ವಿಚಾರ.

ಮಕ್ಕಳಿಗೆ ಬಣ್ಣದ ಮೂಲಕ ಸೀಸ ತಲುಪುತ್ತದೆಂಬುದು ಹೊಸ ಶೋಧವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ವೈದ್ಯರು ಸೀಸದ ವಿಷವೇರಿದ ಮಕ್ಕಳನ್ನು ಕಾಣತೊಡಗಿದರು. ಆ ಮಕ್ಕಳು ಸೀಸದ ಕೆಲಸ ಮಾಡುವವರಲ್ಲ, ಮನೆಯಲ್ಲಿ ಆಡುವವರು. ಲಾಕ್‌ಹಾರ್ಟ್ ಗಿಬ್ಸನ್ ಎಂಬ ನೇತ್ರವೈದ್ಯರು 1904ರಲ್ಲಿ ಕಾರಣವನ್ನು ಎತ್ತಿ ತೋರಿಸಿದರು. ಮನೆಯ ಜಗಲಿಯ ಕಟಕಟೆಗೆ ಬಳಿದ ಸೀಸದ ಬಣ್ಣ ಬಿಸಿಲಿಗೆ ಪುಡಿಯಾಗುತ್ತಿತ್ತು. ಆಡುವ ಮಕ್ಕಳ ಕೈಗೆ ಅದು ಅಂಟುತ್ತಿತ್ತು. ಬೆರಳು ಚೀಪುವಾಗ, ಉಗುರು ಕಚ್ಚುವಾಗ ಹೊಟ್ಟೆಗೆ ಇಳಿಯುತ್ತಿತ್ತು. ಕ್ವೀನ್ಸ್‌ಲ್ಯಾಂಡ್ ಸರ್ಕಾರ 1922ರಲ್ಲಿ, ಮಕ್ಕಳ ಕೈಗೆ ಎಟಕುವ ಕಡೆ ಸೀಸದ ಬಣ್ಣ ಬಳಿಯುವುದನ್ನು ಕಾನೂನಿನಿಂದ ತಡೆಯಿತು. ಭಾರತದಲ್ಲಿ ಮನೆಗೆ ಬಳಿಯುವ ಬಣ್ಣದ ಸೀಸಕ್ಕೆ ಕಡ್ಡಾಯ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಗಿಬ್ಸನ್ ಅವರ ಬರಹಕ್ಕೂ ಈ ದಿನಕ್ಕೂ ನಡುವೆ 113 ವರ್ಷಗಳು ಕಳೆದಿದ್ದವು. ತಿಳಿವಳಿಕೆಯ ಕೊರತೆಯಿಂದ ಆದ ವಿಳಂಬ ಇದೆಂದು ಹೇಳುವಂತಿಲ್ಲ.

ದೊಡ್ಡವರಿಗಿಂತ ಮಗುವಿಗೆ ಸೀಸ ಹೆಚ್ಚು ಅಪಾಯಕಾರಿಯಾಗುವುದಕ್ಕೆ ಸ್ಪಷ್ಟ ಕಾರಣಗಳಿವೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಎಳೆಯ ಮಕ್ಕಳ ದೇಹ ಹೀರಿಕೊಳ್ಳಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸವು ಕ್ಯಾಲ್ಸಿಯಂನ ವೇಷ ತೊಟ್ಟು ದೇಹವನ್ನು ವಂಚಿಸುತ್ತದೆ. ಬೆಳೆಯುವ ಮಗುವಿಗೆ ಕ್ಯಾಲ್ಸಿಯಂ ಬೇಕು. ಅದಕ್ಕಾಗಿ ತೆರೆದಿರುವ ಬಾಗಿಲುಗಳಿಂದಲೇ ಸೀಸವೂ ಒಳನುಗ್ಗುತ್ತದೆ, ರಕ್ತದಿಂದ ಮಿದುಳಿಗೂ ಎಲುಬಿಗೂ ಹೋಗುತ್ತದೆ. ಮಿದುಳಿನ ನರತಂತುಗಳು ಒಂದಕ್ಕೊಂದು ಬೆಸೆದುಕೊಳ್ಳುವ ವಯಸ್ಸಿನಲ್ಲಿ ಅದು ಆ ಬೆಸುಗೆಯನ್ನು ಕೆಡಿಸುತ್ತದೆ. ರಕ್ತದಲ್ಲಿ ಸುಮಾರು ಒಂದು ತಿಂಗಳಿಗೆ ಅರ್ಧದಷ್ಟು ಕಡಿಮೆಯಾಗುವ ಸೀಸ, ಎಲುಬಿನಲ್ಲಿ ದಶಕಗಳ ಕಾಲ ಮನೆಮಾಡಿಕೊಂಡಿರುತ್ತದೆ. ಹೆಣ್ಣುಮಗು ಬೆಳೆದು ಗರ್ಭಿಣಿಯಾದಾಗ ಎಲುಬಿನ ಆ ಸೀಸ ಮತ್ತೆ ರಕ್ತಕ್ಕೆ ಇಳಿದು ಗರ್ಭಸ್ಥ ಶಿಶುವನ್ನು ತಲುಪಬಲ್ಲದು. ಕಬ್ಬಿಣಾಂಶ ಕಡಿಮೆಯಿರುವ ಮಗುವಿನ ದೇಹ ಸೀಸವನ್ನು ಇನ್ನೂ ಹೆಚ್ಚು ಹೀರುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿ ರಕ್ತಹೀನತೆಯಿಂದ ಬಳಲುವವರು. ವಿಷ ಮತ್ತು ಅಪೌಷ್ಟಿಕತೆ ಒಂದೇ ಮಗುವಿನ ಮೇಲೆ ಜೊತೆಗೂಡಿ ಎರಗುತ್ತವೆ.

ಈ ವಿಷದ ಅತ್ಯಂತ ಕ್ರೂರ ಗುಣ ಅದರ ಮೌನ. ಕಡಿಮೆ ಪ್ರಮಾಣದ ಸೀಸ ಮಗುವಿಗೆ ಜ್ವರ ತರುವುದಿಲ್ಲ, ವಾಂತಿ ತರುವುದಿಲ್ಲ. ನಾಲ್ಕಾರು ವರ್ಷ ಕಳೆದ ಮೇಲೆ ಶಿಕ್ಷಕರು, ಈ ಮಗುವಿಗೆ ಗಮನ ನಿಲ್ಲುವುದಿಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ, ಸಿಟ್ಟು ಹೆಚ್ಚು ಎಂದು ದೂರುತ್ತಾರೆ. ಮನೆಯವರು ಮಗುವನ್ನು ಬೈಯುತ್ತಾರೆ, ಟ್ಯೂಷನ್ನಿಗೆ ಸೇರಿಸುತ್ತಾರೆ, ಜಾತಕ ತೋರಿಸುತ್ತಾರೆ. ತೊಟ್ಟಿಲ ವಯಸ್ಸಿನ ಆಟಿಕೆಯ ನೆನಪು ಯಾರಿಗೂ ಬರುವುದಿಲ್ಲ.

ಎಷ್ಟು ಸೀಸ ಅಪಾಯಕಾರಿ ಎಂಬ ಪ್ರಶ್ನೆಗೆ ವೈದ್ಯಕೀಯ ಉತ್ತರ ಕಾಲಕಾಲಕ್ಕೆ ಕಠಿಣವಾಗುತ್ತ ಬಂದಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಗಮನಿಸಬೇಕಾದ ಮಟ್ಟವನ್ನು 1991ರಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂ ಎಂದು ಇರಿಸಿತ್ತು. 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ರಕ್ತದಲ್ಲಿ 5 ಮೈಕ್ರೋಗ್ರಾಂ ಕಂಡರೆ ಮೂಲವನ್ನು ಹುಡುಕಿ ತೆಗೆದುಹಾಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಸುರಕ್ಷಿತವೆಂದು ಹೇಳಬಹುದಾದ ಮಟ್ಟ ಯಾವುದೂ ಗೊತ್ತಿಲ್ಲವೆಂದೂ ಅದೇ ಸಂಸ್ಥೆ ಸಾರಿದೆ. ಸೀಸವನ್ನು ಮೂತ್ರದ ಮೂಲಕ ಹೊರಹಾಕಿಸುವ ಔಷಧ ಇದೆ. ಮಕ್ಕಳಿಗೆ ಅದನ್ನು ಸಾಮಾನ್ಯವಾಗಿ ಕೊಡುವುದು 45 ಮೈಕ್ರೋಗ್ರಾಂ ಮುಟ್ಟಿದಾಗ. ಅಷ್ಟರಲ್ಲಿ ಮಿದುಳಿಗೆ ಆದ ನಷ್ಟವನ್ನು ಆ ಔಷಧ ಮರಳಿಸಲಾರದು. ಆದ್ದರಿಂದ ಇಲ್ಲಿ ಚಿಕಿತ್ಸೆಗಿಂತ ಸಂಯಮವೇ ಮದ್ದು: ವಿಷ ಒಳಗೆ ಬರದಂತೆ ತಡೆಯುವುದು. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ನಿರ್ಜರೆಗಿಂತ ಮೊದಲು ಸಂವರ.

ಆಟದ ವಸ್ತುಗಳಿಗೆ ಸೀಸ ಹಲವು ದಾರಿಗಳಿಂದ ಬರುತ್ತದೆ. ಕಣ್ಸೆಳೆಯುವ ಹಳದಿ, ಕಿತ್ತಳೆ ಬಣ್ಣಗಳಿಗೆ ಸೀಸದ ಕ್ರೋಮೇಟನ್ನು ಬಳಸುವುದು ಹಳೆಯ ರೂಢಿ. ಅಗ್ಗ, ಹೊಳಪು ಹೆಚ್ಚು, ಬಿಸಿಲಿಗೆ ಮಾಸದು. ಎಣ್ಣೆಬಣ್ಣ ಬೇಗ ಒಣಗಲೆಂದೂ ಸೀಸದ ಸಂಯುಕ್ತಗಳನ್ನು ಬೆರೆಸುವುದುಂಟು. ಕಬ್ಬಿಣದ ಜಾರುಬಂಡೆ, ಉಯ್ಯಾಲೆಗಳಿಗೆ ತುಕ್ಕು ಹಿಡಿಯದಿರಲೆಂದು ಬಳಿಯುವ ಕೆಂಪು ಪ್ರೈಮರಿನಲ್ಲಿ ಸೀಸದ ಆಕ್ಸೈಡು ಇರಬಹುದು. ಪಿವಿಸಿ ಎಂಬ ಪ್ಲಾಸ್ಟಿಕ್ಕು ಕಾವಿಗೆ ಕೆಡದಿರಲೆಂದು ಸೀಸದ ಲವಣಗಳನ್ನು ಸೇರಿಸುವ ಪದ್ಧತಿಯಿತ್ತು; ಅಂಥ ಆಟಿಕೆ ಬಿಸಿಲಿಗೆ ಒಣಗಿ, ಉಜ್ಜಿ, ಕಚ್ಚಿ ಸವೆದಂತೆ ಸೀಸ ಅದರ ಮೇಲ್ಮೈಗೆ ಬರುತ್ತದೆ. ಅಗ್ಗದ ಲೋಹದ ಸರ, ಗೆಜ್ಜೆ, ಪದಕಗಳಲ್ಲಿ ಸೀಸವೇ ಮುಖ್ಯ ಲೋಹವಾಗಿರಲೂಬಹುದು. ಇವೆಲ್ಲದರ ಜೊತೆಗೆ ಹಳೆಯ ಕಟ್ಟಡದ ಗೋಡೆ, ಕಿಟಕಿಗಳಿಂದ ಉದುರಿದ ಬಣ್ಣದ ದೂಳು ನೆಲದಲ್ಲಿ ಕೂತು ಎಲ್ಲ ಆಟಿಕೆಗಳಿಗೂ ಮೆತ್ತಿಕೊಳ್ಳುತ್ತದೆ. ಶಿಶುಪಾಲನಾ ಕೇಂದ್ರದಲ್ಲಿ ಈ ದಾರಿಗಳೆಲ್ಲ ಕೂಡುತ್ತವೆ. ಮನೆಯ ಆಟಿಕೆಯನ್ನು ಒಂದು ಮಗು ಚೀಪಿದರೆ, ಕೇಂದ್ರದ ಆಟಿಕೆಯನ್ನು ವರ್ಷಗಟ್ಟಲೆ ಹತ್ತಾರು ಮಕ್ಕಳು ಚೀಪುತ್ತಾರೆ.

ಮಗುವಿನ ಸೀಸಕ್ಕೆ ಆಟಿಕೆಯೊಂದೇ ಮೂಲವಲ್ಲ ಎಂಬುದನ್ನೂ ಹೇಳಲೇಬೇಕು. ಹಳೆಯ ಬ್ಯಾಟರಿ ಕರಗಿಸುವ ಅನಧಿಕೃತ ಕುಲುಮೆಗಳು, ಬಣ್ಣ ಬೆರೆಸಿದ ಅರಿಶಿನ, ಕೆಲವು ಬಗೆಯ ಕಣ್ಣಕಪ್ಪು, ಸೀಸದ ಮೆರುಗು ಕೊಟ್ಟ ಮಣ್ಣಿನ ಪಾತ್ರೆಗಳು ಇವೂ ಕಾರಣಗಳೇ. ಆದರೆ ಆಟಿಕೆಯ ಬುಟ್ಟಿಯನ್ನು ಒಂದು ಸಮಾಜ ತಾನೇ ಮನಸ್ಸು ಮಾಡಿದರೆ ಕೆಲವು ದಿನಗಳಲ್ಲಿ ಸರಿಪಡಿಸಬಲ್ಲದು.

ಭಾರತದಲ್ಲಿ ಈ ವಿಷಯ ಸಾರ್ವಜನಿಕ ಚರ್ಚೆಗೆ ಬಂದದ್ದು ಬೆಂಗಳೂರಿನಿಂದ ಎಂಬುದು ಕನ್ನಡಿಗರು ನೆನಪಿಡಬೇಕಾದ ಮಾತು. ತೊಂಬತ್ತರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಬೆಂಗಳೂರು, ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿ, ಕೋಲ್ಕತ್ತ, ವೆಲ್ಲೂರುಗಳಲ್ಲಿ ರಕ್ತಪರೀಕ್ಷೆ ನಡೆಸಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚಿನ ಸೀಸ ಕಂಡಿತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ಕಾರ್ಯವನ್ನು ಮುಂದೆ ದಶಕಗಳ ಕಾಲ ಕೈಬಿಡದೆ ನಡೆಸಿದರು. ಆಗ ಸೀಸದ ದೊಡ್ಡ ಮೂಲ ಪೆಟ್ರೋಲು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂತು. ಗಾಳಿಯ ಸೀಸ ಇಳಿಯಿತು. ಸರ್ಕಾರ ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಅದೇ ನಿದರ್ಶನ. ಗಾಳಿಯಿಂದ ಹೋದ ಸೀಸ ಬಣ್ಣದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಉಳಿದುಕೊಂಡಿತು. ದೆಹಲಿ, ಮುಂಬಯಿ, ಚೆನ್ನೈ ಮಾರುಕಟ್ಟೆಗಳಿಂದ ಕೊಂಡ 111 ಆಟಿಕೆಗಳನ್ನು ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಪರೀಕ್ಷಿಸಿ 2007ರ ಹೊತ್ತಿಗೆ ಪ್ರಕಟಿಸಿದ ವರದಿ, ಹೆಚ್ಚುಕಡಿಮೆ ಪ್ರಮಾಣದಲ್ಲಿ ಎಲ್ಲದರಲ್ಲಿಯೂ ಸೀಸ ಮತ್ತು ಕ್ಯಾಡ್ಮಿಯಂ ಇದ್ದುದನ್ನು ತೋರಿಸಿತು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ ಅಂದಾಜು ಹೊರಬಂತು: ಜಗತ್ತಿನಲ್ಲಿ 80 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ, ಅವರಲ್ಲಿ ಸುಮಾರು 27.5 ಕೋಟಿ ಮಕ್ಕಳು ಭಾರತದವರು.

ಕಾನೂನು ಏನೂ ಮಾಡಿಲ್ಲವೆಂದು ದೂರುವುದು ನ್ಯಾಯವಲ್ಲ. 2016ರ ನಿಯಮಗಳು ಮನೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಸೀಮಿತಗೊಳಿಸಿದವು. 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶದಂತೆ 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ಇವೆರಡೂ ಸ್ವಾಗತಾರ್ಹ. ಆದರೆ ಬಿರುಕುಗಳು ಉಳಿದಿವೆ.

ಮೊದಲನೆಯದಾಗಿ, ಬಣ್ಣದ ನಿಯಮ ಕೈಗಾರಿಕಾ ಬಣ್ಣಗಳನ್ನು ಹೊರಗಿಟ್ಟಿದೆ. ಅಂಗಳದ ಕಬ್ಬಿಣದ ಉಯ್ಯಾಲೆಗೆ ಗುತ್ತಿಗೆದಾರ ಬಳಿಯುವ ಬಣ್ಣ ಯಾವ ಡಬ್ಬದಿಂದ ಬಂತೆಂದು ಕೇಳುವವರಿಲ್ಲ. ಎರಡನೆಯದಾಗಿ, ಆಟಿಕೆಯ ಮಾನಕ ಅಳೆಯುವುದು ಹೊಟ್ಟೆಯ ಆಮ್ಲದಂಥ ದ್ರಾವಣಕ್ಕೆ ಬಿಡುಗಡೆಯಾಗುವ ಸೀಸವನ್ನು. ಮಿತಿ ಕಿಲೋಗ್ರಾಂಗೆ 90 ಮಿಲಿಗ್ರಾಂ. ಐರೋಪ್ಯ ಒಕ್ಕೂಟ, ಕೆರೆದು ತೆಗೆಯಬಹುದಾದ ವಸ್ತುವಿಗೆ ಇದೇ ಬಗೆಯ ಮಿತಿಯನ್ನು 2018ರಲ್ಲಿ 23 ಮಿಲಿಗ್ರಾಂಗೆ ಇಳಿಸಿದೆ. ಬರ್ಲಿನ್ನಿನ ಮಗುವಿಗೂ ಭಾಂಡುಪಿನ ಮಗುವಿಗೂ ಮಿದುಳು ಒಂದೇ ಬಗೆಯದು. ಮೂರನೆಯ ಬಿರುಕು ಎಲ್ಲಕ್ಕಿಂತ ದೊಡ್ಡದು. ಕಾನೂನು ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತದೆ, ಬುಟ್ಟಿಯೊಳಗೆ ಇಳಿಯುವುದಿಲ್ಲ. 2021ಕ್ಕಿಂತ ಮೊದಲು ಕೊಂಡ ಆಟಿಕೆ, ಜಾತ್ರೆಯಲ್ಲಿ, ಲೋಕಲ್ ರೈಲಿನಲ್ಲಿ, ಫುಟ್‌ಪಾತಿನಲ್ಲಿ ಕೊಂಡ ಆಟಿಕೆ, ದಾನವಾಗಿ ಬಂದ ಹಳೆಯ ಆಟಿಕೆ, ಇವೆಲ್ಲ ಇನ್ನೂ ಮಕ್ಕಳ ಬಾಯಲ್ಲಿವೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ಕರ್ನಾಟಕ ಸರ್ಕಾರ ಗ್ರಾಮೀಣ ದುಡಿಯುವ ತಾಯಂದಿರಿಗಾಗಿ ‘ಕೂಸಿನ ಮನೆ’ಗಳನ್ನು ತೆರೆಯಿತು. ಕೇಂದ್ರಗಳು ಹೆಚ್ಚುತ್ತಿರುವುದು ಒಳ್ಳೆಯದು. ಕೇಂದ್ರ ಹೆಚ್ಚಿದಷ್ಟೂ ಬುಟ್ಟಿಯೊಳಗೆ ಏನಿದೆ ಎಂಬ ಪ್ರಶ್ನೆಯೂ ಹೆಚ್ಚಬೇಕು.

ಈ ಸಂದರ್ಭದಲ್ಲಿ ಚನ್ನಪಟ್ಟಣದ ಹೆಸರು ತಾನಾಗಿ ನಾಲಗೆಗೆ ಬರುತ್ತದೆ. ಹೊರನಾಡ ಕನ್ನಡಿಗರು ಅಭಿಮಾನದಿಂದ ಕೊಂಡು ಕೊಡುವ ಉಡುಗೊರೆ ಅದು. ಆಲೆಮರದ ಮೆತ್ತನೆಯ ಕಟ್ಟಿಗೆಯನ್ನು ಕಡೆದು, ತಿರುಗುವಾಗಲೇ ಬಣ್ಣದ ಅರಗನ್ನು ಒತ್ತಿ ಹೊಳಪು ಕೊಡುವ ಆ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅರಿಶಿನ, ನೀಲಿಯಂಥ ಸಸ್ಯವರ್ಣಗಳನ್ನು ಬಳಸುವ ಕುಶಲಕರ್ಮಿಗಳು ಅಲ್ಲಿ ಅನೇಕರಿದ್ದಾರೆ. ಆದರೆ ಅರಗಿಗೆ ಬೆರೆಸುವ ಬಣ್ಣ ಸಸ್ಯದ್ದೋ ರಾಸಾಯನಿಕದ್ದೋ ಎಂಬುದು ಕಣ್ಣಿಗೆ ಕಾಣದು. ಭೌಗೋಳಿಕ ಸೂಚಕವುಳ್ಳ ಆಟಿಕೆಗಳಿಗೂ ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ ಐಎಸ್‌ಐ ಮುದ್ರೆಯ ಕಡ್ಡಾಯದಿಂದ ವಿನಾಯಿತಿ ಸಿಕ್ಕಿದೆ. ಬಡ ಕುಶಲಕರ್ಮಿಯ ಮೇಲೆ ಪ್ರಯೋಗಾಲಯದ ಖರ್ಚು ಹೇರಬಾರದೆಂಬ ಉದ್ದೇಶ ಸರಿಯಾದದ್ದೇ. ವಿನಾಯಿತಿಯ ಜೊತೆಗೆ ಉಚಿತ ಪರೀಕ್ಷೆಯನ್ನೂ ಸರ್ಕಾರ ಕೊಡಬೇಕಿತ್ತು. ಆಗ ಕುಶಲಕರ್ಮಿಯ ಹೊಟ್ಟೆಯೂ ಮಗುವಿನ ಮಿದುಳೂ ಎರಡೂ ಉಳಿಯುತ್ತಿದ್ದವು. ಅಲ್ಲಿಯವರೆಗೆ, ಯಾವ ಬಣ್ಣ ಬಳಸಿದ್ದೀರಿ ಎಂದು ಕೊಳ್ಳುವವರು ಗೌರವದಿಂದ ಕೇಳುವುದರಲ್ಲಿ ತಪ್ಪಿಲ್ಲ. ಅರಗು ಕೀಟಜನ್ಯವೆಂಬ ಕಾರಣಕ್ಕೆ ಅದನ್ನು ಒಲ್ಲದ ಕುಟುಂಬಗಳು ಬಣ್ಣವನ್ನೇ ಬಳಿಯದ ಮರದ ಆಟಿಕೆಯನ್ನು ಆರಿಸಬಹುದು.

ಧರ್ಮದ ಕಡೆಯಿಂದ ನೋಡಿದರೆ ಈ ವಿಷಯಕ್ಕೆ ಹೊಸ ವ್ರತವೊಂದನ್ನು ಕಟ್ಟುವ ಅಗತ್ಯವೇ ಇಲ್ಲ. ಶ್ರಾವಕನ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯಲ್ಲಿ ಅದು ಆಗಲೇ ಅಡಗಿದೆ. ಪ್ರಯೋಜನವಿಲ್ಲದೆ ನಡೆಯುವ ಹಿಂಸೆಯನ್ನು ಬಿಡುವುದೇ ಆ ವ್ರತ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಒಂದು ಹಿಂಸಾದಾನ: ಕೊಡಲಿ, ಕತ್ತಿ, ಬೆಂಕಿ, ವಿಷದಂತಹ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಇನ್ನೊಂದು ಪ್ರಮಾದಚರ್ಯೆ: ಅಜಾಗರೂಕತೆಯ ನಡೆ. ಸೀಸದ ಆಟಿಕೆಯನ್ನು ಮಗುವಿನ ಕೈಗೆ ಕೊಡುವುದರಲ್ಲಿ ಈ ಎರಡೂ ಸೇರುತ್ತವೆ. ಕೊಡುವವನಿಗೆ ಕೊಲ್ಲುವ ಮನಸ್ಸಿಲ್ಲ, ಪ್ರೀತಿಯೇ ಇದೆ. ಆದರೆ ಜೈನ ಆಚಾರಶಾಸ್ತ್ರ ಮನಸ್ಸಿನ ದ್ವೇಷವನ್ನಷ್ಟೇ ಹಿಂಸೆಯ ಬೇರೆಂದು ತಿಳಿಯುವುದಿಲ್ಲ, ಪ್ರಮಾದವನ್ನೂ ಬೇರೆಂದೇ ತಿಳಿಯುತ್ತದೆ. ಗೊತ್ತಿರಲಿಲ್ಲ ಎಂಬ ಮಾತಿಗೆ ಒಮ್ಮೆ ಕ್ಷಮೆಯಿದೆ. ಗೊತ್ತಾದ ಮೇಲೆ ಅದೇ ಮಾತು ಪ್ರಮಾದವಾಗುತ್ತದೆ.

ಇಲ್ಲಿ ಸಮಾಜ ತನ್ನೊಳಗೆ ನೋಡಿಕೊಳ್ಳಬೇಕಾದ ಎರಡು ಸಂಗತಿಗಳಿವೆ. ಒಂದು ವ್ಯಾಪಾರ. ಮಹಾನಗರಗಳ ಸಗಟು ಪೇಟೆಗಳಲ್ಲಿ ಪ್ಲಾಸ್ಟಿಕ್, ಬಣ್ಣ, ಆಟಿಕೆ, ಸ್ಟೇಷನರಿ ವ್ಯಾಪಾರದಲ್ಲಿ ಜೈನರು ಕಡಿಮೆಯೇನಿಲ್ಲ. ಶ್ರಾವಕಾಚಾರ ಪರಂಪರೆ ಎಣಿಸುವ ನಿಷಿದ್ಧ ವೃತ್ತಿಗಳಲ್ಲಿ ವಿಷವಾಣಿಜ್ಯವೂ ಒಂದು. ಮುದ್ರೆಯಿಲ್ಲದ ಆಟಿಕೆಯನ್ನು ಲಾಭಕ್ಕಾಗಿ ಮಾರುವುದು ಆ ಹೆಸರಿಗೆ ಎಷ್ಟು ಹತ್ತಿರ ಎಂಬುದನ್ನು ಪ್ರತಿಯೊಬ್ಬ ವರ್ತಕನೂ ಪರ್ಯೂಷಣದ ದಿನಗಳಲ್ಲಿ ತನ್ನನ್ನೇ ಕೇಳಿಕೊಳ್ಳಬೇಕು. ಗಲ್ಲದಿಂದ ತೆಗೆದ ಹಣದಲ್ಲಿ ಬಸದಿಗೆ ಬೆಳ್ಳಿಯ ಪ್ರಭಾವಳಿ ಮಾಡಿಸಿದರೆ ಆ ಪ್ರಶ್ನೆಗೆ ಉತ್ತರ ಕೊಟ್ಟಂತಾಗದು.

ಎರಡನೆಯದು ದಾನ. ಮಹಾವೀರ ಜಯಂತಿಯಂದು, ಮಗುವಿನ ಹುಟ್ಟುಹಬ್ಬದಂದು ಅಂಗನವಾಡಿಗೆ, ಅನಾಥಾಲಯಕ್ಕೆ, ಕೊಳೆಗೇರಿಯ ಬಾಲವಾಡಿಗೆ ಆಟಿಕೆಗಳನ್ನು ಹಂಚುವ ಒಳ್ಳೆಯ ರೂಢಿ ಬೆಳೆದಿದೆ. ಸಂಖ್ಯೆ ಹೆಚ್ಚಾಗಲೆಂದು ಅತ್ಯಂತ ಅಗ್ಗದ ಮಾಲನ್ನು ಗೋಣಿಗಟ್ಟಲೆ ಕೊಳ್ಳುತ್ತಾರೆ. ಮನೆಯಲ್ಲಿ ಬಣ್ಣ ಎದ್ದುಹೋದ ಆಟಿಕೆಗಳನ್ನು ಕೆಲಸದಾಕೆಯ ಮಗುವಿಗೆ ಕೊಟ್ಟು ಕಪಾಟು ಖಾಲಿ ಮಾಡುತ್ತಾರೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯವೆಂದರೆ ಜೀವಕ್ಕೆ ಭಯವಿಲ್ಲದಂತೆ ಮಾಡುವುದು. ಅಭಯದಾನವೆಂದುಕೊಂಡು ಕೊಟ್ಟದ್ದು ಹಿಂಸಾದಾನವಾಗಿಬಿಡುವ ದಾರಿ ಇದು. ತನ್ನ ಮಗುವಿಗೆ ಬೇಡವಾದ ವಿಷ ಇನ್ನೊಬ್ಬಳ ಮಗುವಿಗೆ ಉಡುಗೊರೆಯಾಗಲಾರದು. ನೂರು ಅಗ್ಗದ ಬೊಂಬೆಗಳಿಗಿಂತ ಹತ್ತು ಪರೀಕ್ಷಿತ ಆಟಿಕೆಗಳ ಪುಣ್ಯ ದೊಡ್ಡದು.

ಹಿಂದಿನವರೂ ಇಂಥವೇ ಆಟಿಕೆಗಳಲ್ಲಿ ಆಡಿ ಬೆಳೆಯಲಿಲ್ಲವೇ, ಅವರಿಗೆ ಏನಾಯಿತು ಎಂಬ ಆಕ್ಷೇಪ ಬರುವುದು ಸಹಜ. ಏನಾಯಿತೆಂದು ಆಗ ಯಾರೂ ಅಳೆಯಲಿಲ್ಲ ಎಂಬುದೇ ಉತ್ತರ. ಸೀಸ ಕದಿಯುವುದು ಮಗು ಆಗಬಹುದಾಗಿದ್ದುದರ ಒಂದು ಪಾಲನ್ನು. ಕಳೆದುಹೋದ ಆ ಪಾಲು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಇದು ಬಡವರ ಮಕ್ಕಳ ಸಮಸ್ಯೆಯೆಂಬ ಇನ್ನೊಂದು ಮಾತೂ ಕೇಳಿಬರುತ್ತದೆ. ಬಡ ಮಗುವಿಗೆ ಹೊರೆ ಹೆಚ್ಚೆಂಬುದು ನಿಜ. ಆದರೆ ಹಳೆಯ ಬಂಗಲೆಯ ಕಿಟಕಿಯ ಬಣ್ಣವೂ ದುಬಾರಿ ಪ್ಲೇಸ್ಕೂಲಿನ ಹಳೆಯ ಜಾರುಬಂಡೆಯೂ ಮಗುವಿನ ತಂದೆಯ ಸಂಬಳವನ್ನು ಕೇಳಿ ಉದುರುವುದಿಲ್ಲ. ಬಡ ಮಗುವಿನ ಸಮಸ್ಯೆಯೇ ಆಗಿದ್ದರೂ ಅಹಿಂಸಾವ್ರತಿಗೆ ಅದು ಹೊರಗಿನ ಸಮಸ್ಯೆಯಾಗಲಾರದು.

ಮಾಡಬೇಕಾದುದು ದೊಡ್ಡ ಖರ್ಚಿನ ಕೆಲಸವಲ್ಲ. ಸಮಾಜದ ಸಂಘಗಳು ನಡೆಸುವ ಬಾಲವಾಡಿ, ಪಾಠಶಾಲೆಗಳಿಂದಲೇ ಮೊದಲಾಗಲಿ. ಒಂದು ಭಾನುವಾರ ಬುಟ್ಟಿಯನ್ನು ನೆಲಕ್ಕೆ ಸುರಿದು, ಕಾಳು ಆರಿಸುವಂತೆ ಆರಿಸಬೇಕು. ಬಣ್ಣ ಎದ್ದದ್ದು, ಬಿರುಕು ಬಿಟ್ಟದ್ದು, ಎಲ್ಲಿಂದ ಬಂತೆಂದು ತಿಳಿಯದ ಹಳೆಯ ಪ್ಲಾಸ್ಟಿಕ್ಕು, ಅಗ್ಗದ ಲೋಹದ ಆಭರಣ, ಇವನ್ನು ತೆಗೆದಿಡಬೇಕು. ತೆಗೆದದ್ದನ್ನು ಸುಡಬಾರದು, ಯಾರಿಗೂ ಕೊಡಬಾರದು. ಮತ್ತೆ ಬಳಕೆಗೆ ಸಿಗದಂತೆ ಮುರಿದು, ಅಪಾಯಕಾರಿ ತ್ಯಾಜ್ಯವೆಂದು ಗುರುತು ಹಾಕಿ ಪಾಲಿಕೆಯವರಿಗೆ ಒಪ್ಪಿಸಬೇಕು. ಹೊಸದನ್ನು ಕೊಳ್ಳುವಾಗ ಐಎಸ್‌ಐ ಮುದ್ರೆಯನ್ನೂ ಅದರ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನೂ ನೋಡಬೇಕು; ಮಾನಕ ಸಂಸ್ಥೆಯ ‘ಬಿಐಎಸ್ ಕೇರ್’ ಆಪ್‌ನಲ್ಲಿ ಆ ಸಂಖ್ಯೆ ನಿಜವೋ ಸುಳ್ಳೋ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಬಿಲ್ಲು ಪಡೆದು ಇಟ್ಟುಕೊಳ್ಳಬೇಕು.

ಗೋಡೆ, ಉಯ್ಯಾಲೆಗಳ ಹಳೆಯ ಬಣ್ಣವನ್ನು ಮಕ್ಕಳಿರುವಾಗ ಒಣಗಿದ್ದಂತೆಯೇ ಉಜ್ಜಿ ತೆಗೆಯಬಾರದು; ಅದರಿಂದ ದೂಳು ಹೆಚ್ಚಿ ಅಪಾಯ ಇಮ್ಮಡಿಯಾಗುತ್ತದೆ. ನೆಲವನ್ನು ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಉಣ್ಣುವ ಮೊದಲು ಮಕ್ಕಳ ಕೈಯನ್ನು ಸಾಬೂನಿನಿಂದ ತೊಳೆಸಬೇಕು. ಆಟಿಕೆಗಳನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ತೊಳೆದರೆ ಮೇಲಿನ ದೂಳು ಹೋಗುತ್ತದೆ, ಬಣ್ಣದೊಳಗಿನ ಸೀಸ ಹೋಗುವುದಿಲ್ಲವೆಂಬುದೂ ನೆನಪಿರಬೇಕು. ರಾಗಿ, ಹಾಲು, ಎಳ್ಳು, ಹೆಸರುಕಾಳು, ನೆಲ್ಲಿಕಾಯಿಗಳು ಮಗುವಿನ ಕ್ಯಾಲ್ಸಿಯಂ, ಕಬ್ಬಿಣಾಂಶಗಳ ಕೊರತೆಯನ್ನು ನೀಗಿಸಲು ನೆರವಾಗುತ್ತವೆ. ಆ ಕೊರತೆ ನೀಗಿದರೆ ಸೀಸ ಹೀರುವುದು ಕಡಿಮೆಯಾಗುತ್ತದೆ. ಸಂಶಯವಿದ್ದಲ್ಲಿ ಮಕ್ಕಳ ವೈದ್ಯರನ್ನು ಕೇಳಿ ರಕ್ತದ ಸೀಸವನ್ನು ಪರೀಕ್ಷಿಸಬೇಕು. ಬೆರಳ ತುದಿಯ ರಕ್ತದಲ್ಲಿ 5 ಅಥವಾ ಹೆಚ್ಚು ಕಂಡರೆ, ಗಾಬರಿಗೊಳ್ಳದೆ ರಕ್ತನಾಳದ ರಕ್ತದಿಂದ ಅದನ್ನು ಖಚಿತಪಡಿಸಿಕೊಂಡು ಮೂಲವನ್ನು ಹುಡುಕಬೇಕು.

ಇಷ್ಟು ಸಮಾಜದ ಕೆಲಸ. ಸರ್ಕಾರದ ಕೆಲಸವನ್ನು ಸಮಾಜ ಹೊತ್ತುಕೊಳ್ಳಲಾಗದು, ಕೇಳಬಹುದು. ಮತ ಕೇಳಲು ಬರುವವರು ಬಸದಿಯ ಜೀರ್ಣೋದ್ಧಾರಕ್ಕೆ, ಸಮುದಾಯ ಭವನಕ್ಕೆ ಅನುದಾನದ ಮಾತಾಡುತ್ತಾರೆ. ಸಮಾಜದ ಮುಖಂಡರೂ ಅದನ್ನೇ ಕೇಳುತ್ತಾರೆ. ಆ ಮನವಿಪತ್ರದಲ್ಲಿ ನಾಲ್ಕು ಸಾಲು ಮಕ್ಕಳಿಗಾಗಿ ಸೇರಲಿ. ಕೈಗಾರಿಕಾ ಬಣ್ಣಗಳಿಗೂ 90 ಭಾಗದ ಮಿತಿ ಬರಲಿ. ಶಿಶುಪಾಲನಾ ಕೇಂದ್ರಗಳ, ಅಂಗನವಾಡಿಗಳ ತಪಾಸಣೆಯಲ್ಲಿ ಆಟಿಕೆ ಮತ್ತು ಬಣ್ಣದ ಸೀಸವೂ ಒಂದು ಅಂಶವಾಗಲಿ. ಎಕ್ಸ್-ಕಿರಣದಿಂದ ಸೀಸವನ್ನು ಅಳೆಯುವ ಕೈಯಂತ್ರ ಜಿಲ್ಲೆಗೊಂದಾದರೂ ಇರಲಿ. ಕುಶಲಕರ್ಮಿಗಳ ಬಣ್ಣಕ್ಕೆ ಉಚಿತ ಪರೀಕ್ಷೆ ಸಿಗಲಿ. ಮಕ್ಕಳ ರಕ್ತದ ಸೀಸವನ್ನು ಕಾಲಕಾಲಕ್ಕೆ ಅಳೆದು ಪ್ರಕಟಿಸುವ ವ್ಯವಸ್ಥೆ ಬರಲಿ. ಅಳೆಯದ ರೋಗಕ್ಕೆ ಆಯವ್ಯಯದಲ್ಲಿ ಜಾಗ ಸಿಗುವುದಿಲ್ಲ.

1899ರಲ್ಲಿ ದಕ್ಷಿಣ ಭಾರತ ಜೈನ ಸಭೆ ಸ್ಥಾಪನೆಯಾದಾಗ ಸುಧಾರಕರ ಮುಂದಿದ್ದ ಪ್ರಶ್ನೆ, ಹಳ್ಳಿಯ ಜೈನ ಹುಡುಗ ಓದುವುದು ಹೇಗೆ ಎಂಬುದು. ಕೊಲ್ಹಾಪುರ, ಸಾಂಗ್ಲಿ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ವಿದ್ಯಾರ್ಥಿನಿಲಯಗಳು ಎದ್ದದ್ದು ಆ ಪ್ರಶ್ನೆಯಿಂದ. ಇಂದು ಹೊರನಾಡಿನಲ್ಲಿ ನೆಲೆ ಕಂಡಿರುವ ಅನೇಕ ಕುಟುಂಬಗಳ ಹಿರಿಯರು ಅಂಥ ನಿಲಯಗಳಲ್ಲಿ ಓದಿ ಮೇಲೆ ಬಂದವರು. ಓದುವ ಮಗುವಿಗೆ ಸೂರು ಕಟ್ಟಿಕೊಟ್ಟ ಆ ಸಮಾಜ, ಓದುವ ಶಕ್ತಿಯೇ ತೊಟ್ಟಿಲಿನಲ್ಲಿ ಸವೆಯದಂತೆ ಕಾಯುವ ಕೆಲಸಕ್ಕೂ ಮುಂದಾಗಲಿ.

ಸಂಜೆ ಪಾಳಣಾಘರದ ಬಾಗಿಲಲ್ಲಿ ತಾಯಿ ಕೂಸನ್ನು ಎತ್ತಿಕೊಳ್ಳುವಾಗ ಕೇಳುವುದು ಒಂದೇ ಮಾತು: ಊಟ ಮಾಡಿತೇ? ನಾಳೆಯಿಂದ ಅವಳು ಇನ್ನೊಂದು ಮಾತನ್ನೂ ಕೇಳಲಿ: ಇವತ್ತು ಏನು ಚೀಪಿತು? ಆ ಪ್ರಶ್ನೆಗೆ ಅಳುಕಿಲ್ಲದೆ ಉತ್ತರ ಕೊಡುವ ಕೇಂದ್ರ ಪ್ರತಿ ಬಡಾವಣೆಯಲ್ಲಿಯೂ ಇರಲಿ.

ಜೈ ಜಿನೇಂದ್ರ.